ಬಾಲ ಅಳಿಸಿದ ಅಕ್ಷರ

ಮೈಂದರಗಿಯಲ್ಲಿ ನಮ್ಮ ಶಾಲೆಗೂ ಮರಾಠಿ ಶಾಲೆಗೂ
ನಡುವೆ ಒಂದೇ ಗೋಡೆ.
ಅತ್ತಲಿಂದ ಪಾಢೆ ಕೇಳಿದರೆ ಇತ್ತ ಮಗ್ಗಿ ತಪ್ಪುತ್ತದೆ.
ನಾಲ್ಕನೇ ಇಯತ್ತೆಗೆ ಹದಿಮೂರು ಮಕ್ಕಳು,
ಒಂದು ಕರಿಹಲಗೆ,
ಕಥೆಪುಸ್ತಕದ ಒಂದು ಕಪಾಟು.
ಅದಕ್ಕೆ ಬೀಗ.

ಸೋಮವಾರ ಹಲಗೆಯ ತುಂಬ ಒಂದು ಕಥೆ ಬರೆದೆ,
ಅಜ್ಜಿ ಹೇಳುತ್ತಿದ್ದುದು, ಅರ್ಧ ಮರೆತದ್ದು,
ಮರೆತಲ್ಲಿ ನಾನೇ ತೇಪೆ ಹಾಕಿದ್ದು:

ರಾಜನ ಮಗಳಿಗೆ ಹುಟ್ಟಿದಂದಿನಿಂದ ನಿದ್ದೆಯಿಲ್ಲ.
ಏಳು ಗುಡ್ಡದಾಚೆಯಿಂದ ಒಬ್ಬ ರಕ್ಕಸಿ ಬಂದಳು,
ಅವಳ ಜಡೆಯಲ್ಲಿ ಗೂಗೆ ಗೂಡು ಕಟ್ಟಿತ್ತು.
ನಾನು ಮಲಗಿಸುತ್ತೇನೆ, ಅಂದಳು,
ಹುಣ್ಣಿಮೆಗೊಮ್ಮೆ ಕೂಸಿನ ಮುಖ ನೋಡಲು ಬಿಡು, ಸಾಕು.
ರಾಜ ಹೂಂ ಅಂದ.
ರಾತ್ರಿಯೆಲ್ಲ ತೊಡೆಯ ಮೇಲೆ ತೂಗಿದಳು, ಕೂಸು ಮಲಗಿತು.
ಹುಣ್ಣಿಮೆ ಬಂತು. ಅಗಸಿ ಬಾಗಿಲು ತೆರೆಯಲಿಲ್ಲ.
ರಾಜ ಕೊಟ್ಟ ಮಾತು ಎಲ್ಲಿ ಹೋಯಿತು?

ಮಳಸಿದ್ಧನ ಸರದಿ.
ಅವನು ಓದುವುದೆಂದರೆ ಹಳ್ಳ ದಾಟಿದ ಹಾಗೆ,
ಒಂದೊಂದೇ ಕಲ್ಲನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ.
"ರಾ… ಜ… ಕೆ… ಟ್ಟ… ಮಾತು."
ಸರಿಯಾಗಿ ನೋಡೋ, ಅಂದೆ.
"ಸರಿಯಾಗೇ ನೋಡೀನ್ರಿ ಅಕ್ಕೋರ. ಹಂಗ ಐತಿ."

ತಿರುಗಿದರೆ ಹೌದು.
ಕೊಂಬಿನ ಬಾಲ ಅಳಿಸಿದೆ,
ಕೊ ಹೋಗಿ ಕೆ ಉಳಿದಿದೆ.
ಯಾಸೀನನ ಅಂಗಿ ತೋಳಿನ ಮೇಲೆ ಬಿಳಿ ಗೀರು.
ತಿದ್ದಲು ಸುಣ್ಣದ ತುಂಡು ಎತ್ತಿಕೊಂಡೆ.

"ಇರಲಿ ಬಿಡ್ರಿ," ಅಂದಳು ಭೌರಮ್ಮ.
"ಕೊಟ್ಟಾಗ ಕೊಟ್ಟ ಮಾತು.
ಹಂಗ ಇಟ್ಟರ ಕೆಡತೈತಿ,
ಹಾಲು ಕೆಟ್ಟಂಗ."

ಅಲ್ಲಿಗೆ ತರಗತಿ ನನ್ನ ಕೈತಪ್ಪಿತು.
ರಾಜಂದೇನು ತಪ್ಪು? ರಕ್ಕಸಿ ತಿಂದರ?
ತಿನ್ನಾಕಿ ಇದ್ದರ ಮಲಗಿದಾಗ ತಿಂತಿದ್ಲಲ್ಲ.
ಎಲ್ಲಿ ಐತಿ ಹಂಗ? ತೋರ್ಸು.
ತೊಡಿ ಮ್ಯಾಲ ಇತ್ತು ಕೂಸು, ಏಳನೇ ಸಾಲು, ಓದು!
ಜಡಿಯಾಗಿನ ಗೂಗಿನೂ ಆಕಿ ಓಡಿಸಿಲ್ಲ ನೋಡು.
ಹಲಗೆಗೆ ಹದಿಮೂರು ಬೆರಳು ಬಿದ್ದವು.
ತಿಂಗಳಿಂದ ಒಂದು ಮಾತಾಡದ ಸುಗಲಾ
ಕಿಟಕಿಯ ಸರಳಿಗೆ ಕೇಳುವಂತೆ ಅಂದಳು:
"ಕೂಸಿನ ಯಾರರ ಕೇಳಿದ್ರೇನು?"

ಇದು ನನ್ನ ಅಜ್ಜಿಯ ಕಥೆಯಲ್ಲಿ ಇರಲಿಲ್ಲ.
ನನ್ನ ತೇಪೆಯಲ್ಲೂ ಇರಲಿಲ್ಲ.

ಆಗ ಮಳಸಿದ್ಧ ಕಪಾಟಿನ ಕಡೆ ತಿರುಗಿದ.
ಜಗಳಕ್ಕಲ್ಲ. ಮುಂದಿನ ಸಾಲು ಓದುವವನಂತೆ,
ಹೆಬ್ಬೆರಳಿನಿಂದ ಕಲ್ಲು ಒತ್ತಿ:
"ದೀಪಾವಳಿ ಸೂಟಿ ಮುಗದ ಮ್ಯಾಲ
ತಗೀತೀನಿ ಅಂದಿದ್ರಿ, ಅಕ್ಕೋರ.
ಈಗ ಹೋಳಿ ಬಂತು."

ಪುಸ್ತಕ ಹೊಲಸಾದಾವು ಎಂದು ನಾನೇ ಹಾಕಿದ ಬೀಗ.
ಕೀಲಿ ಬ್ಯಾಗಿನಲ್ಲಿ, ಬಸ್ ಪಾಸಿನ ಹಿಂದೆ,
ದಿನಾ ಅಕ್ಕಲಕೋಟೆಗೆ ಹೋಗಿ ಬರುತ್ತಿತ್ತು.
ಬೀಗಕ್ಕೆ ತುಕ್ಕು.
ಗೋಡೆಯಾಚೆಯ ಗುರೂಜಿ ಸೈಕಲ್ಲಿನ ಎಣ್ಣೆ ಕೊಟ್ಟರು,
ಯಾಕೆ ಎಂದು ಮರಾಠಿಯಲ್ಲಿ ಕೇಳಿದರು,
ಯಾವ ಭಾಷೆಯಲ್ಲೂ ನನಗೆ ಹೇಳಲಾಗಲಿಲ್ಲ.
ಒಳಗೆ ಪುಟಗಳು ಒಂದಕ್ಕೊಂದು ಅಂಟಿದ್ದವು, ಹೊಸವೇ,
ಮಕ್ಕಳು ಊದಿ ಊದಿ ಬಿಡಿಸಿದರು.

ಕೇಂದ್ರಪ್ರಮುಖರಿಗೆ ಕಳಿಸುವ ತಖ್ತೆಯಲ್ಲಿ ಎರಡು ಮನೆ:
ಓದಿದ್ದು ತಿಳಿಯಿತೇ?
ಕಥೆಯ ನೀತಿ, ಒಂದೇ ಸಾಲಿನಲ್ಲಿ.
ಮಳಸಿದ್ಧನ ಮುಂದೆ ಮೊದಲನೆಯದಕ್ಕೆ
ಹೌದು, ಎಂದು ಬರೆದು ಅಡಿಗೆರೆ ಎಳೆದೆ.
ಎರಡನೆಯದು ಹದಿಮೂರು ಹೆಸರಿನ ಮುಂದೂ ಖಾಲಿ.

ಬಸ್ಸು ಹಾರ್ನ್ ಹೊಡೆಯಿತು.
ಹಲಗೆ ಒರೆಸಲಿಲ್ಲ, ಬಾಲವನ್ನೂ ಬರೆಯಲಿಲ್ಲ.
ಅದು ಯಾಸೀನನ ತೋಳಿನ ಮೇಲೆ
ಆಗಲೇ ಮನೆಗೆ ಹೋಗಿತ್ತು.